ನಾಲಂದೆಗೆ ಅಕ್ಕಿ ಕೊಟ್ಟವರು ಯಾರು?

ಪ್ರತಿವರ್ಷವೂ ರಾಜ್ಯೋತ್ಸವದ ಈ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮ್ಮನ್ನು ಕೇಳುವುದೂ, ಅರ್ಧವಾರ್ಷಿಕ ಲೆಕ್ಕದ ಗಡಿಬಿಡಿಯ ನೆಪವೊಡ್ಡಿ ನಾವು ತಪ್ಪಿಸಿಕೊಳ್ಳುವುದೂ ವಾಡಿಕೆಯಾಗಿಬಿಟ್ಟಿದ್ದಿತು. ಈ ವರ್ಷ ತಪ್ಪಿಸಿಕೊಳ್ಳಲು ಮನಸ್ಸು ಬರಲಿಲ್ಲ. ಕಾರಣವೇನೆಂದರೆ, ನಾವು ಒಬ್ಬ ತರುಣನಿಗೆ ಒಂದು ಉತ್ತರವನ್ನು ಬಾಕಿ ಉಳಿಸಿಕೊಂಡಿದ್ದೇವೆ. ಬಾಕಿ ತೀರಿಸುವುದು ಬ್ಯಾಂಕಿನ ಗುಮಾಸ್ತರಾದ ನಮ್ಮಂಥವರಿಗೆ ಕುಲಧರ್ಮವಷ್ಟೆ.

ಸಂಗತಿ ಇಷ್ಟು. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗ, ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಹುಡುಗ, ಬಿ.ಎ. ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದನು. ಮುಂದೆ ಯಾವುದಾದರೂ ಬ್ಯಾಂಕಿನ ಪರೀಕ್ಷೆಗೆ ಕೂಡಲಿ ಎಂದು ತಂದೆಯ ಆಸೆ. ಹುಡುಗನಾದರೋ ಬಿಹಾರಕ್ಕೆ ಹೋಗಿ ಬೌದ್ಧ ದರ್ಶನ, ಬೌದ್ಧ ಗ್ರಂಥ, ಬೌದ್ಧ ಶಿಲ್ಪಗಳನ್ನು ಎಂ.ಎ. ತರಗತಿಯಲ್ಲಿ ಓದುವೆನೆಂದು ಹಟ ಹಿಡಿದನು. ನಾವು ಶಾಖೆಯಲ್ಲಿ ಶಿಕ್ಷಣಸಾಲದ ಮೇಜಿನಲ್ಲಿ ಕುಳಿತುಕೊಳ್ಳುವವರು. ಆದುದರಿಂದ ತಂದೆಯವರು ಒಂದು ಭಾನುವಾರ ಮಗನನ್ನು ಸಂಘದ ಸಭಾಂಗಣಕ್ಕೆ ಕರೆತಂದು, “ಇವನಿಗೆ ನೀವೇ ನಾಲ್ಕು ಬುದ್ಧಿಮಾತು ಹೇಳಿ” ಎಂದರು. ಸುತ್ತ ಹತ್ತು ಜನ ಕಾಫಿ ಕುಡಿಯುತ್ತ ಕುಳಿತಿದ್ದರು. ನಾವು ನಾಲಗೆಯ ಚಪಲಕ್ಕೆ, “ಬೌದ್ಧಶಾಸ್ತ್ರಕ್ಕೆ ಕೊಟ್ಟ ಸಾಲ ನಿರ್ವಾಣ ಹೊಂದೀತೇ ಹೊರತು ವಸೂಲಾಗದು” ಎಂದುಬಿಟ್ಟೆವು. ಎಲ್ಲರೂ ನಕ್ಕರು. ಹುಡುಗ ನಗಲಿಲ್ಲ. ಮೆಲ್ಲನೆ ಕೇಳಿದನು: “ನಾಲಂದೆಯಲ್ಲಿ ಸಾವಿರಾರು ಜನ ಇದನ್ನೇ ಓದುತ್ತಿದ್ದರಲ್ಲ, ಅವರಿಗೆ ಅಕ್ಕಿ ಕೊಟ್ಟವರು ಯಾರು? ಅವರು ಅದನ್ನು ಹೇಗೆ ವಸೂಲು ಮಾಡಿಕೊಂಡರು?”

ನಮ್ಮ ಬಾಯಿ ಕಟ್ಟಿತು. ಹತ್ತು ಜನರೆದುರಿಗೆ ಹುಡುಗನ ವಿದ್ಯೆಯನ್ನು ಹಗುರವಾಗಿ ಆಡಿದ್ದು ತಪ್ಪೆಂದು ಆಗಲೇ ತೋರಿತು. ಒಪ್ಪಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ. ನಾವು ಬಿ.ಕಾಂ. ಓದಿದವರು, ನಮಗೆ ಪಾಲಿ ಬಾರದು, ಸಂಸ್ಕೃತವೂ ಅಷ್ಟಕ್ಕಷ್ಟೆ. ಆದರೆ ಲೆಕ್ಕವನ್ನು ಓದಲು ಬರುತ್ತದೆ. ಆ ದಿನದಿಂದ ಬಿಡುವಾದ ಭಾನುವಾರಗಳಲ್ಲಿ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಓದಿದುದರ, ಕೆಲವು ಸ್ಥಳಗಳನ್ನು ಕಂಡುಬಂದುದರ ಸಾರವನ್ನು ವಾಚಕರ ಮುಂದಿಡುತ್ತಿದ್ದೇವೆ. ವಿದ್ವಾಂಸರು ನಮ್ಮ ಸಾಹಸವನ್ನು ಮನ್ನಿಸಬೇಕು.

ಮೊದಲು ಮನೆಯ ಸಮೀಪದಿಂದಲೇ ಆರಂಭಿಸುವ. ನಾಸಿಕದ ಪಾಂಡವಲೇಣಿ ಗುಹೆಗಳನ್ನು ನಮ್ಮ ಸದಸ್ಯರಲ್ಲಿ ಹಲವರು ನೋಡಿದ್ದಾರೆ. ಅಲ್ಲಿಯ ಹತ್ತನೆಯ ಗುಹೆಯ ಗೋಡೆಯ ಮೇಲೆ, ಕ್ಷತ್ರಪ ಅರಸ ನಹಪಾನನ ಅಳಿಯನಾದ ಉಷವದಾತನು ಸುಮಾರು ೧೯೦೦ ವರ್ಷಗಳ ಹಿಂದೆ ಕೊರೆಯಿಸಿದ ಶಾಸನವೊಂದಿದೆ. ಅದು ನಮ್ಮ ಕಣ್ಣಿಗೆ ಠೇವಣಿಯ ರಸೀದಿಯಂತೆಯೇ ಕಂಡಿತು. ಆತನು ಭಿಕ್ಷುಸಂಘಕ್ಕಾಗಿ ೩೦೦೦ ಕಾರ್ಷಾಪಣಗಳನ್ನು ಗೋವರ್ಧನವೆಂಬ ಪಟ್ಟಣದ ನೇಕಾರರ ಶ್ರೇಣಿಗಳಲ್ಲಿ ಇಟ್ಟನು. ಒಂದು ಶ್ರೇಣಿಯಲ್ಲಿ ೨೦೦೦, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದರಲ್ಲಿ ೧೦೦೦, ತಿಂಗಳಿಗೆ ನೂರಕ್ಕೆ ಮುಕ್ಕಾಲರಂತೆ ಬಡ್ಡಿ. ಮೊದಲನೆಯದರ ಬಡ್ಡಿಯಿಂದ, ಗುಹೆಯಲ್ಲಿ ಮಳೆಗಾಲ ಕಳೆಯುವ ೨೦ ಮಂದಿ ಭಿಕ್ಷುಗಳಿಗೆ ತಲಾ ೧೨ ಕಾರ್ಷಾಪಣ ಚೀವರದ ಖರ್ಚು. ನಾವು ಕಾಗದ ತೆಗೆದು ಲೆಕ್ಕ ಹಾಕಿದೆವು. ೨೦೦೦ಕ್ಕೆ ವರ್ಷದ ಬಡ್ಡಿ ೨೪೦. ಇಪ್ಪತ್ತನ್ನು ಹನ್ನೆರಡರಿಂದ ಗುಣಿಸಿದರೂ ೨೪೦. ಒಂದು ಕಾಸಿನ ವ್ಯತ್ಯಾಸವಿಲ್ಲ! ಅಸಲನ್ನು ಹಿಂದಿರುಗಿಸತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು ಎಂಬ ಷರತ್ತೂ, ಇದನ್ನು ಪಟ್ಟಣದ ಸಭೆಯಲ್ಲಿ ಸಾರಿ ಹಲಗೆಯ ಮೇಲೆ ಬರೆಯಿಸಲಾಯಿತೆಂಬ ದಾಖಲೆಯೂ ಅಲ್ಲಿಯೇ ಇವೆ. ಇಂತಹ ದತ್ತಿಗೆ ಹಿಂದಿನವರು ಇಟ್ಟ ಹೆಸರು ‘ಅಕ್ಷಯನೀವಿ’: ಎಂದಿಗೂ ಸವೆಯದ ಮೂಲಧನ.

ಇನ್ನು ಬೊರಿವಲಿಯ ಕಾಡಿನೊಳಗಿರುವ ಕಾನ್ಹೇರಿ. ರಜೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಿ, ಮಂಗಗಳಿಗೆ ಹೆದರಿ ಉಂಡು, ಹಿಂದಿರುಗುವ ಸ್ಥಳವೆಂದೇ ನಾವು ಅದನ್ನು ಬಹುಕಾಲ ತಿಳಿದಿದ್ದೆವು. ಅಲ್ಲಿ ೯ನೆಯ ಶತಮಾನದ ಕೆಲವು ಶಾಸನಗಳಿವೆ. ಅವುಗಳಲ್ಲಿ ಆಳುವ ಚಕ್ರವರ್ತಿಯೆಂದು ಹೆಸರಿಸಿರುವುದು ಬೇರೆ ಯಾರನ್ನೂ ಅಲ್ಲ, ನಮ್ಮ ರಾಷ್ಟ್ರಕೂಟ ಅಮೋಘವರ್ಷನನ್ನು. ಯಾರ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೋ ಆ ಅಮೋಘವರ್ಷನನ್ನು! ಅವನ ಸಾಮಂತರಾದ ಕೊಂಕಣದ ಶಿಲಾಹಾರರ ಕಾಲದಲ್ಲಿ ಇಲ್ಲಿಯ ವಿಹಾರಕ್ಕೆ ದ್ರಮ್ಮಗಳೆಂಬ ನಾಣ್ಯಗಳಲ್ಲಿ ಅಕ್ಷಯನೀವಿಗಳು ಸಂದುವು. ಅವುಗಳಲ್ಲಿ ಒಂದು ದತ್ತಿಯು ಪೂಜೆಗೆ ಇಷ್ಟು, ವಿಹಾರದ ದುರಸ್ತಿಗೆ ಇಷ್ಟು, ಭಿಕ್ಷುಗಳ ಬಟ್ಟೆಗೆ ಇಷ್ಟು ಎಂದು ಹಂಚಿ, ಪುಸ್ತಕಗಳಿಗೂ ಒಂದು ಸಣ್ಣ ಪಾಲನ್ನು ತೆಗೆದಿರಿಸುತ್ತದೆ. ಆ ಸಣ್ಣ ಪಾಲೇ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿತು. ಬಟ್ಟೆ ಹರಿಯುತ್ತದೆ, ಗೋಡೆ ಬೀಳುತ್ತದೆ; ಪುಸ್ತಕ ಮಾತ್ರ ಒಂದರಿಂದ ಇನ್ನೊಂದಾಗಬಲ್ಲದು. ಈ ಸುಳಿವನ್ನು ಹಿಡಿದೇ ನಾವು ನಾಲಂದೆಯ ಲೆಕ್ಕವನ್ನು ಓದಲಾರಂಭಿಸಿದೆವು.

ಬಿಹಾರದಲ್ಲಿ ರಾಜಗೃಹಕ್ಕೆ ಸಮೀಪವಾಗಿರುವ ನಾಲಂದಾ ಮಹಾವಿಹಾರವು ೫ನೆಯ ಶತಮಾನದಲ್ಲಿ ಗುಪ್ತ ಅರಸನಾದ ಕುಮಾರಗುಪ್ತನ ಕಾಲದಲ್ಲಿ ಸ್ಥಾಪಿತವಾಯಿತೆಂದು ವಿದ್ವಾಂಸರ ಮತ. ಅದರ ಒಳಗಿನ ಬಾಳನ್ನು ಕಣ್ಣಾರೆ ಕಂಡು ಬರೆದವರು ಇಬ್ಬರು ಚೀನೀ ಭಿಕ್ಷುಗಳು. ೭ನೆಯ ಶತಮಾನದ ಪೂರ್ವಾರ್ಧದಲ್ಲಿ ಬಂದವನು ಹ್ಯೂಯೆನ್ ತ್ಸಾಂಗ್. ಅದೇ ಶತಮಾನದ ಉತ್ತರಾರ್ಧದಲ್ಲಿ ಬಂದು ಸುಮಾರು ಹತ್ತು ವರ್ಷ ಅಲ್ಲಿ ಓದಿದವನು ಇತ್ಸಿಂಗ್. ಇಬ್ಬರ ಬರಹಗಳಿಂದಲೂ ಸ್ಪಷ್ಟವಾಗುವುದೇನೆಂದರೆ, ನಾಲಂದೆ ಓನಾಮ ಕಲಿಸುವ ಶಾಲೆಯಾಗಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸ್ನಾತಕೋತ್ತರ ವಿದ್ಯೆಯ ಪೀಠ. ಹೊರಗಿನಿಂದ ಬಂದವರಿಗೆ ದ್ವಾರದಲ್ಲಿಯೇ ಕಠಿನವಾದ ಪ್ರಶ್ನೆಗಳು. ಹತ್ತು ಜನರಲ್ಲಿ ಏಳೆಂಟು ಜನ ಉತ್ತರ ಹೇಳಲಾರದೆ ಹಿಂದಿರುಗುತ್ತಿದ್ದರೆಂದು ಹ್ಯೂಯೆನ್ ತ್ಸಾಂಗನ ಮಾತು. ವ್ಯಾಕರಣವನ್ನು ಮುಗಿಸಿದ ಮೇಲೆ ವಿದ್ಯಾರ್ಥಿಗಳು ನಾಲಂದೆಯಲ್ಲಿಯೋ ಪಶ್ಚಿಮದ ವಲಭಿಯಲ್ಲಿಯೋ ಎರಡು ಮೂರು ವರ್ಷ ಕಳೆಯುತ್ತಿದ್ದರೆಂದೂ, ಅನಂತರ ಅರಸರ ಆಸ್ಥಾನಗಳಿಗೆ ಹೋಗಿ ತಮ್ಮ ಜಾಣ್ಮೆಯನ್ನು ತೋರಿಸಿ ಅಧಿಕಾರಗಳನ್ನು ಬೇಡುತ್ತಿದ್ದರೆಂದೂ ಇತ್ಸಿಂಗನು ಬರೆದಿದ್ದಾನೆ. ಓದು ಮುಗಿದ ಮೇಲೆ ಉದ್ಯೋಗವೇನು ಎಂಬ ತಂದೆಯಂದಿರ ಚಿಂತೆ ಅಂದಿಗೂ ಹೊಸದಲ್ಲವೆಂದು ಇದರಿಂದ ತಿಳಿಯಬಹುದು.

ಓದುತ್ತಿದ್ದುದಾದರೂ ಏನು? ಮಹಾಯಾನದ ಗ್ರಂಥಗಳು, ಹದಿನೆಂಟು ನಿಕಾಯಗಳ ಗ್ರಂಥಗಳು, ಅವುಗಳ ಜೊತೆಗೆ ವೇದ, ಹೇತುವಿದ್ಯೆ ಅಥವಾ ತರ್ಕ, ಶಬ್ದವಿದ್ಯೆ, ಚಿಕಿತ್ಸೆ, ಸಾಂಖ್ಯ. ಎದುರಾಳಿಯ ಮತವನ್ನು ಅವನ ಗ್ರಂಥದಿಂದಲೇ ತಿಳಿದು ಆ ಮೇಲೆ ವಾದಿಸಬೇಕೆಂಬುದು ಅಲ್ಲಿಯ ನೀತಿಯಾಗಿದ್ದಿರಬೇಕು. ಪ್ರತಿದಿನವೂ ನೂರರಷ್ಟು ಪೀಠಗಳಿಂದ ಪಾಠ ನಡೆಯುತ್ತಿದ್ದಿತಂತೆ. ಆಗಿನ ಕುಲಪತಿಯಾದ ಶೀಲಭದ್ರನು ವಂಗದೇಶದ ಸಮತಟದವನು, ಅತ್ಯಂತ ವೃದ್ಧ. ಆತನು ‘ಯೋಗಾಚಾರಭೂಮಿ’ ಎಂಬ ಒಂದೇ ಗ್ರಂಥವನ್ನು ಹ್ಯೂಯೆನ್ ತ್ಸಾಂಗನಿಗಾಗಿ ವಿವರಿಸಲು ಹದಿನೈದು ತಿಂಗಳು ಹಿಡಿಯಿತು. ಶಿಷ್ಯನು ಅದನ್ನು ಮೂರು ಸಲ ಕೇಳಿದನು! ಕಾಲವನ್ನು ಅಳೆಯಲು ನೀರಿನ ಗಡಿಯಾರ. ಸ್ನಾನಕ್ಕೆ ಘಂಟೆ ಬಾರಿಸಿದರೆ ನೂರಾರು ಭಿಕ್ಷುಗಳು ವಿಹಾರದ ಸುತ್ತಲಿನ ಕೊಳಗಳಿಗೆ ಹೊರಡುವರು. ಹಾಜರಿಯ ಪುಸ್ತಕಕ್ಕೆ ಬೆಳಗ್ಗೆ ಓಡುವ ನಮಗೆ ಇದು ಬಹಳ ಹಿಡಿಸಿತು.

ಈಗ ಅಕ್ಕಿಯ ವಿಷಯ. ಹ್ಯೂಯೆನ್ ತ್ಸಾಂಗನ ಶಿಷ್ಯನು ಬರೆದ ಗುರುಚರಿತ್ರೆಯು ವಿಹಾರದಲ್ಲಿದ್ದವರ ಸಂಖ್ಯೆಯನ್ನು ೧೦,೦೦೦ ಎನ್ನುತ್ತದೆ. ಇತ್ಸಿಂಗನು ೩,೦೦೦ಕ್ಕೆ ಮೇಲೆ ಎನ್ನುತ್ತಾನೆ. ಶಿಷ್ಯನ ಲೆಕ್ಕದಲ್ಲಿ ಭಕ್ತಿ ಸೇರಿರುವುದುಂಟು. ಲೆಕ್ಕ ಪರಿಶೋಧಕರಂತೆ ನಾವು ಸಣ್ಣ ಸಂಖ್ಯೆಯನ್ನೇ ಹಿಡಿಯುವ. ಮೂರು ಸಾವಿರ ಮಂದಿ ಪ್ರತಿದಿನ ಉಣ್ಣಬೇಕು. ಅದಕ್ಕಾಗಿ ಅರಸನು ಸುಮಾರು ನೂರು ಗ್ರಾಮಗಳ ಆದಾಯವನ್ನು ಬಿಟ್ಟುಕೊಟ್ಟಿದ್ದನೆಂದು ಗುರುಚರಿತ್ರೆ ಹೇಳುತ್ತದೆ. ಇತ್ಸಿಂಗನ ಕಾಲಕ್ಕೆ ಗ್ರಾಮಗಳು ಇನ್ನೂರನ್ನು ಮೀರಿದ್ದುವು. ಆ ಹಳ್ಳಿಗಳ ಇನ್ನೂರು ಮನೆತನದವರು ದಿನದಿನವೂ ಅಕ್ಕಿ, ಹಾಲು, ಬೆಣ್ಣೆಗಳನ್ನು ಹೊತ್ತು ತರುತ್ತಿದ್ದರು. ಭಿಕ್ಷುಗಳು ಅನ್ನವಸ್ತ್ರಗಳಿಗಾಗಿ ಕೈಯೊಡ್ಡಬೇಕಾಗಿರಲಿಲ್ಲ. ಅವರ ವಿದ್ಯೆ ಪರಿಪೂರ್ಣವಾದುದಕ್ಕೆ ಇದೇ ಕಾರಣವೆಂದು ಆ ಶಿಷ್ಯನೇ ಬಾಯಿಬಿಟ್ಟು ಹೇಳಿದ್ದಾನೆ. ಹ್ಯೂಯೆನ್ ತ್ಸಾಂಗನಿಗೆ ಸಲ್ಲುತ್ತಿದ್ದ ನಿತ್ಯದ ಪಡಿಯ ಪಟ್ಟಿಯೂ ಉಳಿದುಬಂದಿದೆ: ಜಂಬೀರ ಫಲ ೧೨೦, ಅಡಕೆ ೨೦, ಜಾಯಿಕಾಯಿ ೨೦, ಸ್ವಲ್ಪ ಕರ್ಪೂರ, ಒಂದು ಅಳತೆ ಮಹಾಶಾಲಿ ಅಕ್ಕಿ. ಆ ಅಕ್ಕಿಯ ಕಾಳು ದೊಡ್ಡದು, ಪರಿಮಳವುಳ್ಳದ್ದು. ಅರಸರಿಗೂ ಮಹಾವಿದ್ವಾಂಸರಿಗೂ ಮಾತ್ರ ಮೀಸಲು. ದಿನಕ್ಕೆ ಇಪ್ಪತ್ತು ಅಡಕೆ! ನಮ್ಮ ಮಲೆನಾಡಿನ ಸದಸ್ಯರು ಇದನ್ನು ಕೇಳಿ ಸಂತೋಷಪಡುವರೆಂದು ನಂಬುತ್ತೇವೆ.

ಇದು ಕೇವಲ ಪ್ರವಾಸಿಗಳ ಬಾಯಿಮಾತಲ್ಲ. ೧೯೧೫ರಿಂದ ೧೯೩೭ರ ವರೆಗೆ ಪುರಾತತ್ತ್ವ ಇಲಾಖೆಯವರು ನಾಲಂದೆಯನ್ನು ಅಗೆದಾಗ, ದೇವಾಲಯಗಳೂ ವಿಹಾರಗಳೂ ಕಂಚಿನ ಸುಂದರ ಪ್ರತಿಮೆಗಳೂ ಲೋಹ ಕರಗಿಸುವ ಕುಲುಮೆಯೂ ದೊರೆತುವಲ್ಲದೆ, ಬಹುಸಂಖ್ಯೆಯಲ್ಲಿ ಜೇಡಿಮಣ್ಣಿನ ಮುದ್ರೆಗಳು ದೊರೆತುವು. ಕೆಲವು ಮುದ್ರೆಗಳಲ್ಲಿ ಎರಡು ಜಿಂಕೆಗಳ ನಡುವೆ ಧರ್ಮಚಕ್ರ, ಕೆಳಗೆ ನಾಲಂದಾ ಮಹಾವಿಹಾರದ ಭಿಕ್ಷುಸಂಘದ ಹೆಸರು. ಇನ್ನು ಕೆಲವು ಗ್ರಾಮಸಭೆಗಳ ಮುದ್ರೆಗಳು. ಅರಸರ ಹೆಸರನ್ನು ಇತಿಹಾಸ ಪುಸ್ತಕಗಳು ಹೇಳುತ್ತವೆ. ಅಕ್ಕಿ ಹೊತ್ತವರ ಹಳ್ಳಿಗಳ ಹೆಸರನ್ನು ಈ ಮಣ್ಣಿನ ಬಿಲ್ಲೆಗಳು ಹೇಳುತ್ತವೆ.

೧೯೨೧ರಲ್ಲಿ ಅಲ್ಲಿಯೇ ಒಂದು ತಾಮ್ರಪಟ ಸಿಕ್ಕಿತು. ಅದು ೯ನೆಯ ಶತಮಾನದ ಪಾಲ ಅರಸ ದೇವಪಾಲನದು. ಸುವರ್ಣದ್ವೀಪದ, ಎಂದರೆ ಸುಮಾತ್ರದ, ದೊರೆ ಬಾಲಪುತ್ರದೇವನು ನಾಲಂದೆಯಲ್ಲಿ ಒಂದು ವಿಹಾರವನ್ನು ಕಟ್ಟಿಸಿ, ಅದರ ನಿರ್ವಹಣೆಗಾಗಿ ಗ್ರಾಮಗಳನ್ನು ಬಿಟ್ಟುಕೊಡಬೇಕೆಂದು ದೂತನ ಮೂಲಕ ದೇವಪಾಲನನ್ನು ಕೇಳಿಕೊಂಡನು. ದೇವಪಾಲನು ಐದು ಗ್ರಾಮಗಳನ್ನು ಕೊಟ್ಟನು. ಖರ್ಚಿನ ಬಾಬುಗಳನ್ನು ನೋಡಿ: ಪೂಜೆ, ಭಿಕ್ಷುಗಳ ಊಟ, ಬಟ್ಟೆ, ಹಾಸಿಗೆ, ಔಷಧ, ವಿಹಾರದ ಜೀರ್ಣೋದ್ಧಾರ, ಇವುಗಳ ನಡುವೆ ಧರ್ಮಗ್ರಂಥಗಳನ್ನು ಬರೆಯಿಸುವ ಖರ್ಚು. ಕಾನ್ಹೇರಿಯ ಗೋಡೆಯ ಮೇಲಿದ್ದ ಸಣ್ಣ ಪಾಲು ಇಲ್ಲಿಯೂ ಕಾಣಿಸಿಕೊಂಡಿತು. ಹೀಗೆ ಕೂಲಿ ಕೊಟ್ಟು ಬರೆಯಿಸಿದ, ಚಿಕ್ಕ ಚಿಕ್ಕ ವರ್ಣಚಿತ್ರಗಳಿಂದ ಅಲಂಕೃತವಾದ ತಾಳೆಗರಿಯ ‘ಪ್ರಜ್ಞಾಪಾರಮಿತಾ’ ಗ್ರಂಥಗಳು ಇಂದಿಗೂ ಕೆಲವು ಉಳಿದಿವೆ. ನಾಲಂದೆಯಲ್ಲಿ ಬರೆದ ಪ್ರತಿಗಳನ್ನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿಯೂ ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿಯೂ ಕಾಪಾಡಿದ್ದಾರೆ.

ತಾಳೆಗರಿಯ ಮಾತು ಬಂದುದರಿಂದ ನಮ್ಮ ನಾಡಿನ ಒಂದು ಸಂಗತಿಯನ್ನು ಹೇಳದಿರಲಾರೆವು. ಹ್ಯೂಯೆನ್ ತ್ಸಾಂಗನು ದಕ್ಷಿಣಕ್ಕೂ ಬಂದಿದ್ದನು. ಹರ್ಷನಿಗೂ ಮಣಿಯದ ಪುಲಕೇಶಿಯ ಪ್ರತಾಪವನ್ನು ಅವನು ವರ್ಣಿಸಿರುವುದು ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಮೊದಲು ಅವನು ಕೊಂಕಣಪುರವೆಂಬ ನಗರವನ್ನು ಹಾದುಹೋದನು. ಅದನ್ನು ಕೆಲವರು ಬನವಾಸಿಯೆಂದೂ ಕೆಲವರು ಆನೆಗೊಂದಿಯೆಂದೂ ಊಹಿಸಿದ್ದಾರೆ. ಆ ನಗರದ ಉತ್ತರಕ್ಕೆ ತಾಳೆಮರಗಳ ಒಂದು ಕಾಡಿದ್ದಿತು; ಅದರ ಗರಿಗಳು ಉದ್ದವಾಗಿ ಅಗಲವಾಗಿ ಹೊಳೆಯುತ್ತಿದ್ದುವು; ಭಾರತದ ಎಲ್ಲ ದೇಶಗಳಲ್ಲಿಯೂ ಬರೆಯುವುದಕ್ಕೆ ಆ ಗರಿಗಳನ್ನೇ ಬಳಸುತ್ತಾರೆ ಎಂದು ಅವನ ಹೇಳಿಕೆ. ನಾಲಂದೆಗೆ ಅಕ್ಕಿ ಕೊಟ್ಟವರು ಮಗಧದ ಹಳ್ಳಿಗರು. ಬರೆಯುವ ಗರಿ ಎಲ್ಲಿಂದ ಬಂದಿತೆಂದು ಕೇಳಿದರೆ ದಕ್ಷಿಣದವರೂ ಸ್ವಲ್ಪ ತಲೆಯೆತ್ತಬಹುದು.

ಪ್ರತಿಮಾಡುವುದಕ್ಕಾಗಿ ಈ ಜನ ಪಟ್ಟ ಪಾಡು ಅಷ್ಟಿಷ್ಟಲ್ಲ. ಹ್ಯೂಯೆನ್ ತ್ಸಾಂಗನು ೬೪೫ರಲ್ಲಿ ೬೫೭ ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಕೊಂಡು ಚೀನದ ರಾಜಧಾನಿಯನ್ನು ಮುಟ್ಟಿದನು. ದಾರಿಯಲ್ಲಿ ಸಿಂಧೂನದಿಯನ್ನು ದಾಟುವಾಗ ದೋಣಿ ಹೊಯ್ದಾಡಿ ಕೆಲವು ಗ್ರಂಥಗಳು ನೀರಿನ ಪಾಲಾಗಿದ್ದುವು. ಒಂಬತ್ತು ವರ್ಷಗಳ ಮೇಲೆ, ೬೫೪ರಲ್ಲಿ, ಅವನು ನಾಲಂದೆಯ ಜ್ಞಾನಪ್ರಭನೆಂಬ ಆಚಾರ್ಯನಿಗೆ ಒಂದು ಪತ್ರ ಬರೆದನು. ಗುರು ಶೀಲಭದ್ರನು ತೀರಿಕೊಂಡುದಕ್ಕಾಗಿ ದುಃಖವನ್ನು ತೋಡಿಕೊಂಡು, ನದಿಯಲ್ಲಿ ಕಳೆದುಹೋದ ಗ್ರಂಥಗಳ ಪಟ್ಟಿಯನ್ನು ಲಗತ್ತಿಸಿ, ಅನುಕೂಲವಾದಾಗ ಅವುಗಳ ಪ್ರತಿಗಳನ್ನು ಕಳುಹಿಸಬೇಕೆಂದು ಕೇಳಿಕೊಂಡನು. ಒಂಬತ್ತು ವರ್ಷಗಳ ಬಾಕಿಯನ್ನು ಮರೆಯದ ಆ ಮನುಷ್ಯನಿಗೆ ನಾವು ಮನಸ್ಸಿನಲ್ಲಿಯೇ ಕೈಮುಗಿದೆವು.

ಇತ್ಸಿಂಗನ ಕಥೆ ಇನ್ನೂ ಸೊಗಸು. ನಾಲಂದೆಯಿಂದ ಹಿಂದಿರುಗುತ್ತ ಅವನು ಸುಮಾತ್ರದಲ್ಲಿ ತಂಗಿದ್ದನು. ಅವನ ಬಳಿ ಐದು ಲಕ್ಷ ಶ್ಲೋಕಗಳಷ್ಟು ಗ್ರಂಥರಾಶಿಯಿದ್ದಿತು. ಪ್ರತಿಮಾಡಲು ಕಾಗದವಿಲ್ಲ, ಮಸಿಯಿಲ್ಲ, ಬರೆಯುವವರಿಗೆ ಕೂಲಿ ಕೊಡಲು ಹಣವಿಲ್ಲ. ೬೮೯ರಲ್ಲಿ, ಇವನ್ನು ಕಳುಹಿಸಬೇಕೆಂದು ಚೀನಕ್ಕೆ ಪತ್ರವೊಂದನ್ನು ಕೊಡಲು ಹಡಗನ್ನು ಹತ್ತಿದನು. ಅಷ್ಟರಲ್ಲಿ ಗಾಳಿ ಅನುಕೂಲವಾಗಿ ವ್ಯಾಪಾರಿ ಹಾಯಿ ಬಿಚ್ಚಿಬಿಟ್ಟನು. ಪತ್ರದ ಜೊತೆಗೆ ಪತ್ರ ಬರೆದವನೂ ಚೀನಕ್ಕೆ ಸೇರಿಬಿಟ್ಟನು! ಗ್ರಂಥಗಳು ಸುಮಾತ್ರದಲ್ಲಿಯೇ ಉಳಿದುವು. ಅವನು ಸಹಾಯಕರನ್ನು ಕೂಡಿಕೊಂಡು ಅದೇ ವರ್ಷ ಮತ್ತೆ ಸಮುದ್ರವನ್ನು ದಾಟಿದನು. ಕೆಲಸ ಮುಗಿಸಿ ಕೊನೆಗೆ ಊರು ಸೇರಿದ್ದು ೬೯೫ರಲ್ಲಿ. ಇಷ್ಟೊಂದು ಪ್ರಯಾಸವೇಕೆಂದು ಅಂದಿನ ಯಾವನಾದರೂ ಗುಮಾಸ್ತನು ಅವನನ್ನೂ ಹಾಸ್ಯಮಾಡಿದ್ದಿರಬಹುದು.

ಕಾಲಚಕ್ರ ತಿರುಗಿತು. ೧೨೦೦ರ ಸುಮಾರಿಗೆ ಭಕ್ತಿಯಾರ್ ಖಿಲ್ಜಿಯ ಸೈನ್ಯವು ಮಗಧವನ್ನು ಹೊಕ್ಕಿತು. ನಾಲಂದೆಗೆ ನೆರೆಯದಾದ ಉದ್ದಂಡಪುರ ವಿಹಾರವನ್ನು ಕೋಟೆಯೆಂದು ತಿಳಿದು ಹಿಡಿದುದೂ, ಅಲ್ಲಿದ್ದ ಮುಂಡಿತಶಿರಸ್ಕರನ್ನು ಕೊಂದುದೂ, ಬಳಿಕ ಅಲ್ಲಿ ದೊರೆತ ಪುಸ್ತಕಗಳಲ್ಲಿ ಏನಿದೆಯೆಂದು ಹೇಳಲು ಯಾರೂ ಉಳಿಯದೆ ಹೋದುದೂ ಆ ಕಾಲದ ಪಾರಸಿ ಇತಿಹಾಸಕಾರನಾದ ಮಿನ್ಹಾಜನ ಗ್ರಂಥದಲ್ಲಿಯೇ ಇದೆ. ಅರಸರು ಹೋದರು, ಗ್ರಾಮಗಳ ಆದಾಯವೂ ಹೋಯಿತು. ಆದರೆ ಪಾಠ ನಿಲ್ಲಲಿಲ್ಲ! ೧೨೩೫ರ ಸುಮಾರಿಗೆ ಟಿಬೆಟ್ಟಿನ ಭಿಕ್ಷು ಧರ್ಮಸ್ವಾಮಿಯು ನಾಲಂದೆಗೆ ಬಂದಾಗ, ಪಾಳುಬಿದ್ದ ಕಟ್ಟಡಗಳ ನಡುವೆ ರಾಹುಲಶ್ರೀಭದ್ರನೆಂಬ ತೊಂಬತ್ತು ದಾಟಿದ ಗುರುವು ಸುಮಾರು ೭೦ ಶಿಷ್ಯರಿಗೆ ಪಾಠ ಹೇಳುತ್ತಿದ್ದನು. ಅನ್ನಕ್ಕೆ ಆಸರೆಯಾಗಿದ್ದವರಲ್ಲಿ ಒಬ್ಬನು ಜಯದೇವನೆಂಬ ಬ್ರಾಹ್ಮಣ ಗೃಹಸ್ಥ. ಅವನನ್ನು ಸೈನಿಕರು ಉದ್ದಂಡಪುರದಲ್ಲಿ ಸೆರೆಹಿಡಿದರು. ದಂಡು ನಾಲಂದೆಗೆ ಬರಲಿದೆಯೆಂಬ ಸುದ್ದಿಯನ್ನು ಅವನು ಸೆರೆಯಲ್ಲಿದ್ದುಕೊಂಡೇ ಗುರುವಿಗೆ ಮುಟ್ಟಿಸಿದನು. ಶಿಷ್ಯರು ಓಡಿದರು. ನಡೆಯಲಾರದ ಮುದುಕ ಗುರುವು ಉಳಿದನು. ಅವನನ್ನು ಬಿಟ್ಟು ಹೋಗಲಾರದೆ ಧರ್ಮಸ್ವಾಮಿಯೂ ಉಳಿದನು. ಕೊನೆಗೆ ಗುರುವನ್ನು ಬೆನ್ನಿನ ಮೇಲೆ ಹೊತ್ತು, ಸ್ವಲ್ಪ ಅಕ್ಕಿ, ಸ್ವಲ್ಪ ಸಕ್ಕರೆ, ಕೆಲವು ಪುಸ್ತಕಗಳು ಇಷ್ಟನ್ನು ಹಿಡಿದುಕೊಂಡು ಸಮೀಪದ ಒಂದು ಗುಡಿಯಲ್ಲಿ ಅಡಗಿದನು. ಮುನ್ನೂರು ಸೈನಿಕರು ಬಂದು ಯಾರನ್ನೂ ಕಾಣದೆ ಹಿಂದಿರುಗಿದರು.

ಇದನ್ನು ಓದಿದ ರಾತ್ರಿ ನಮಗೆ ಬೇಗನೆ ನಿದ್ರೆ ಬರಲಿಲ್ಲ. ಇನ್ನೂರು ಗ್ರಾಮಗಳ ಲೆಕ್ಕ ಮುಗಿದ ಮೇಲೆ ನಾಲಂದೆಯ ಆಸ್ತಿಯ ಪಟ್ಟಿಯಲ್ಲಿ ಉಳಿದದ್ದು ಇಷ್ಟು: ಬೆನ್ನಿನ ಮೇಲೆ ಒಬ್ಬ ಗುರು, ಕೈಯಲ್ಲಿ ಸ್ವಲ್ಪ ಅಕ್ಕಿ, ಕೆಲವು ಪುಸ್ತಕಗಳು.

ಹಾಗಾದರೆ ವಸೂಲಾದುದು ಏನು? ಹುಡುಗನ ಪ್ರಶ್ನೆಯ ಎರಡನೆಯ ಭಾಗಕ್ಕೆ ಬಂದಿದ್ದೇವೆ.

ಮೊದಲನೆಯದಾಗಿ, ಕಾಲಾಂತರದಲ್ಲಿ ನಾಲಂದೆಯ ಸ್ಥಳವೇ ಮರೆತುಹೋಗಿದ್ದಿತು. ಬಡಗಾಂವ್ ಎಂಬ ಹಳ್ಳಿಯ ಬಳಿಯ ದಿಬ್ಬಗಳಾಗಿ ಅದು ಬಿದ್ದುಕೊಂಡಿದ್ದಿತು. ೧೮೬೧-೬೨ರಲ್ಲಿ ಕನಿಂಗ್‌ಹ್ಯಾಮ್ ಅದನ್ನು ಗುರುತಿಸಿದ್ದು ಹ್ಯೂಯೆನ್ ತ್ಸಾಂಗನು ಚೀನೀ ಭಾಷೆಯಲ್ಲಿ ಬರೆದಿಟ್ಟ ದೂರದಿಕ್ಕುಗಳ ಸಹಾಯದಿಂದ. ಮಹಾಶಾಲಿ ಅಕ್ಕಿಯನ್ನು ಉಂಡು 'ಹೋದವನು' ಸಾವಿರದ ಇನ್ನೂರು ವರ್ಷಗಳ ಮೇಲೆ ಊರಿನ ವಿಳಾಸವನ್ನು ಹಿಂದಿರುಗಿಸಿದನು.

ಎರಡನೆಯದು ಗ್ರಂಥಗಳು. ನಾಲಂದೆಯ ಆಚಾರ್ಯ ಶಾಂತರಕ್ಷಿತನು ೮ನೆಯ ಶತಮಾನದಲ್ಲಿ ಟಿಬೆಟ್ಟಿಗೆ ಹೋದುದು ಮೊದಲುಗೊಂಡು ಶತಮಾನಗಳ ಕಾಲ ಅಲ್ಲಿ ಅನುವಾದ ನಡೆಯಿತು. ಭಾರತದಲ್ಲಿ ಮೂಲ ನಷ್ಟವಾದ ನೂರಾರು ಗ್ರಂಥಗಳು ಟಿಬೆಟನ್ ಭಾಷೆಯಲ್ಲಿ ಉಳಿದುವು. ರಾಹುಲ ಸಾಂಕೃತ್ಯಾಯನರು ೧೯೨೯ರಿಂದ ೧೯೩೮ರ ನಡುವೆ ನಾಲ್ಕು ಸಲ ಟಿಬೆಟ್ಟಿಗೆ ಹೋಗಿ, ಅಲ್ಲಿಯ ಮಠಗಳಲ್ಲಿ ಸಂಸ್ಕೃತ ತಾಳೆಗರಿಗಳನ್ನೇ ಕಂಡರು. ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’, ವಸುಬಂಧುವಿನ ‘ಅಭಿಧರ್ಮಕೋಶಭಾಷ್ಯ’ ಇವು ಹೀಗೆ ಮರಳಿ ದೊರೆತವು. ನಮ್ಮ ಮೈಸೂರಿನವರೂ ಈ ಕೆಲಸದಲ್ಲಿ ಹಿಂದೆ ಬಿದ್ದಿರಲಿಲ್ಲ. ದಿಙ್ನಾಗನ ‘ಪ್ರಮಾಣಸಮುಚ್ಚಯ’ದ ಮೊದಲನೆಯ ಪರಿಚ್ಛೇದವನ್ನು ಟಿಬೆಟನ್ ಅನುವಾದದಿಂದ ಮರಳಿ ಸಂಸ್ಕೃತಕ್ಕೆ ತಂದವರು ಎಚ್. ಆರ್. ರಂಗಸ್ವಾಮಿ ಅಯ್ಯಂಗಾರರು, ಅದು ೧೯೩೦ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಅವರಿಗೆ ಆ ಭಾಷೆ ಬಾರದಿದ್ದರೆ, ಅದನ್ನು ಓದುವುದು ವ್ಯರ್ಥವೆಂದು ಯಾರಾದರೂ ತಡೆದಿದ್ದರೆ, ಆ ಕೆಲಸ ಆಗುತ್ತಿರಲಿಲ್ಲ.

ಮೂರನೆಯದನ್ನು ನಮ್ಮಲ್ಲಿ ಅನೇಕರು ಕಂಡೂ ಕಾಣದಂತಿದ್ದೇವೆ. ೧೯೫೯ರ ಬಳಿಕ ನಿರಾಶ್ರಿತರಾಗಿ ಬಂದ ಟಿಬೆಟ್ಟಿನ ಜನರಿಗೆ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿಯೂ ಮುಂಡಗೋಡಿನಲ್ಲಿಯೂ ನೆಲ ಕೊಟ್ಟಿತು. ಅವರ ಮಹಾಮಠಗಳಾದ ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿದುವು. ಅಲ್ಲಿ ‘ಗೆಶೆ’ ಎಂಬ ಪದವಿಗಾಗಿ ಭಿಕ್ಷುಗಳು ಹದಿನೈದು ಇಪ್ಪತ್ತು ವರ್ಷ ಓದುವ ಪಂಚಶಾಸ್ತ್ರಗಳು ಯಾವುವು? ಧರ್ಮಕೀರ್ತಿಯ ಪ್ರಮಾಣ, ಮೈತ್ರೇಯನಾಥನ ಪ್ರಜ್ಞಾಪಾರಮಿತಾ ವಿವರಣೆ, ಚಂದ್ರಕೀರ್ತಿಯ ಮಾಧ್ಯಮಿಕ, ವಸುಬಂಧುವಿನ ಅಭಿಧರ್ಮ, ಗುಣಪ್ರಭನ ವಿನಯ. ನಾಲಂದೆಯ ಪೀಠಗಳಲ್ಲಿ ಬೆಳೆದ ಶಾಸ್ತ್ರಗಳೇ! ಸಂಜೆ ಅಂಗಳದಲ್ಲಿ ಚಪ್ಪಾಳೆ ತಟ್ಟಿ ಅವರು ಮಾಡುವ ವಾದವನ್ನು ನೋಡಲು ಪ್ರವಾಸಿಗಳು ನಿಲ್ಲುತ್ತಾರೆ. ನಾವೂ ಕೊಡಗಿಗೆ ಹೋಗುವ ದಾರಿಯಲ್ಲಿ ನಿಂತು, ಚಿತ್ರ ತೆಗೆದುಕೊಂಡು, ಬಂದುಬಿಟ್ಟಿದ್ದೆವು. ತಾಳೆಗರಿ ಕೊಟ್ಟ ದಕ್ಷಿಣಕ್ಕೆ ಅಕ್ಷರ ಹಿಂದಿರುಗಿತೆಂದು ಆಗ ನಮಗೆ ಹೊಳೆದಿರಲಿಲ್ಲ.

ಆದುದರಿಂದ ಹುಡುಗನಿಗೆ ನಮ್ಮ ಉತ್ತರವಿದು. ನಾಲಂದೆಗೆ ಅಕ್ಕಿ ಕೊಟ್ಟವರು ಇನ್ನೂರು ಹಳ್ಳಿಗಳ ಒಕ್ಕಲು ಮಕ್ಕಳು. ಕೊಟ್ಟವರಿಗೆ, ಕೊಟ್ಟ ಊರಿನಲ್ಲಿ, ಕೊಟ್ಟ ಕಾಲದಲ್ಲಿ ಅದು ವಸೂಲಾಗಲಿಲ್ಲ. ವಸೂಲಾದುದು ದೂರ ಹೋದವರಿಂದ, ತಡವಾಗಿ, ಇನ್ನಾರಿಗೋ. ಅದು ಸಾಲವಲ್ಲ, ಅಕ್ಷಯನೀವಿ. ಅದನ್ನು ಸಾಲದ ಪುಸ್ತಕದಲ್ಲಿ ಹುಡುಕಿದ್ದು ನಮ್ಮ ತಪ್ಪು. ಅಂದು ಹತ್ತು ಜನರೆದುರಿಗೆ ಆಡಿದ ಮಾತನ್ನು ಇಂದು ಸಂಚಿಕೆಯ ಎಲ್ಲ ವಾಚಕರೆದುರಿಗೆ ಹಿಂದೆಗೆದುಕೊಳ್ಳುತ್ತೇವೆ.

ತಂದೆಯವರಿಗೆ ಸುಳ್ಳು ಭರವಸೆ ಕೊಡಲಾರೆವು. ಈ ವಿದ್ಯೆಯಿಂದ ಹಣ ಬೇಗ ಬಾರದು. ಪಾಲಿ, ಸಂಸ್ಕೃತ, ಟಿಬೆಟನ್, ಚೀನೀ ಭಾಷೆಗಳಲ್ಲಿ ಎರಡನ್ನಾದರೂ ಬೆವರು ಸುರಿಸಿ ಕಲಿಯಬೇಕು. ಆ ಮೇಲೆ ಅಧ್ಯಾಪನ, ವಸ್ತುಸಂಗ್ರಹಾಲಯ, ಪುರಾತತ್ತ್ವ, ಹಸ್ತಪ್ರತಿಗಳ ಸಂಪಾದನೆ, ಅನುವಾದ ಇಂತಹ ಕೆಲಸಗಳು. ಸಾಲದ ಅರ್ಜಿಯಲ್ಲಿ ಉದ್ಯೋಗಾವಕಾಶವೆಂಬ ಅಂಕಣದಲ್ಲಿ ನಾವೇ ಕೈಯಾರೆ ಇವನ್ನು ತುಂಬಿಕೊಟ್ಟೆವು. ನಾಲಂದೆಯ ಹೆಸರಿನ ಹೊಸ ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಪಾಠಗಳನ್ನು ಆರಂಭಿಸಿತು. ರಾಜಗೃಹದ ಬೆಟ್ಟಗಳ ಬಳಿ ಅದರ ಹೊಸ ಆವರಣದ ಉದ್ಘಾಟನೆ ೨೦೨೪ರ ಜೂನಿನಲ್ಲಿ ಆಯಿತು. ಹುಡುಗ ಈಗ ಅಲ್ಲಿದ್ದಾನೆ. ಊಟ ಸಪ್ಪೆ, ಚಳಿ ಬಹಳ, ಪಾಲಿ ವ್ಯಾಕರಣ ತಲೆ ತಿನ್ನುತ್ತಿದೆ ಎಂದು ತಾಯಿಗೆ ಫೋನಿನಲ್ಲಿ ಹೇಳಿದನಂತೆ. ಮಹಾಶಾಲಿ ಅಕ್ಕಿ ಸಿಕ್ಕಲಿಲ್ಲವೆಂದು ನಮಗೂ ಒಂದು ಸಂದೇಶ ಕಳುಹಿಸಿದ್ದಾನೆ.

ಕೊನೆಯದಾಗಿ ಸಂಘದ ಸದಸ್ಯರಲ್ಲಿ ಒಂದು ವಿಜ್ಞಾಪನೆ. ಊರು ಬಿಟ್ಟು ಬಂದ ನಾವು ನವೆಂಬರಿನಲ್ಲಿ ಬಾವುಟ ಹಾರಿಸಿ ಹಾಡಿ ಉಂಡು ಮನೆಗೆ ಹೋಗುತ್ತೇವೆ, ಅದು ಬೇಕಾದದ್ದೇ. ಆದರೆ ದೂರ ಹೋದವರು ಹೊತ್ತೊಯ್ದ ಪ್ರತಿಯೇ ಒಂದು ದಿನ ಮೂಲದವರಿಗೂ ದಿಕ್ಕಾದೀತೆಂದು ನಾಲಂದೆಯ ಲೆಕ್ಕ ಹೇಳುತ್ತದೆ. ಸಂಘದ ಗ್ರಂಥಾಲಯದ ಎರಡು ಬೀರುಗಳಲ್ಲಿ ಒಂದರ ಬೀಗದ ಕೈ ಎಲ್ಲಿದೆಯೆಂದು ಇಂದು ಯಾರಿಗೂ ತಿಳಿಯದು. ಅದನ್ನು ತೆರೆಯಿಸೋಣ. ಸಂಘದಲ್ಲಿ ಒಂದು ಸಣ್ಣ ಅಕ್ಷಯನೀವಿಯನ್ನು ಸ್ಥಾಪಿಸೋಣ. ಅಸಲನ್ನು ಮುಟ್ಟದೆ, ಅದರ ಬಡ್ಡಿಯಿಂದ ವರ್ಷಕ್ಕೆ ಒಬ್ಬ ವಿದ್ಯಾರ್ಥಿಗಾದರೂ, ನಾಲ್ಕು ಜನ ನಗುವಂತಹ ವಿದ್ಯೆಯನ್ನು ಓದುವವನಿಗೆ, ಅಕ್ಕಿಯ ಖರ್ಚು ಕೊಡೋಣ. ಪುಸ್ತಕಕ್ಕೂ ಒಂದು ಸಣ್ಣ ಪಾಲಿರಲಿ. ನಮ್ಮ ಮೊದಲ ಕಂತನ್ನು ಖಜಾಂಚಿಗಳ ಕೈಗೆ ಕೊಟ್ಟಿದ್ದೇವೆ. ರಸೀದಿ ಇನ್ನೂ ಬರಬೇಕಾಗಿದೆ.